201 ಅಂಕಿಯಲ್ಲಿ ಒಂದನ್ನೂ ನುಂಗದ ಲೆಕ್ಕದ ಪ್ರೋಗ್ರಾಂ ‘ಬಿಸಿ’

ಮನೆಯಲ್ಲೇ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಒಬ್ಬ ಹುಡುಗ ಕೇಳಿದ: “ಮಿಸ್, ಶಕುಂತಲಾ ದೇವಿ ಹೇಳಿದ ಉತ್ತರ ಸರಿನಾ ಅಂತ ನಾವೇ ನೋಡಬಹುದಾ?” 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಯ ಸಂಖ್ಯೆಯೊಂದರ 23ನೇ ಮೂಲವನ್ನು ನಮ್ಮ ಬೆಂಗಳೂರಿನ ಈಕೆ 50 ಸೆಕೆಂಡಿನಲ್ಲಿ ಹೇಳಿದ್ದರು. ಉತ್ತರ 546372891.

ನನ್ನ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ ಈ ಉತ್ತರದ 23ನೇ ಘಾತ, ಅಂದರೆ ಅದನ್ನೇ 23 ಸಲ ಇಟ್ಟು ಗುಣಿಸಿದ್ದು, ಒತ್ತಿದೆ. ‘ಮ್ಯಾಥ್ ಎರರ್’ ಅಂತು. ನೂರು ಅಂಕಿ ದಾಟಿದರೆ ಅದು ಕೈ ಎತ್ತಿಬಿಡುತ್ತದೆ.

ಆಗ ಹಳೇ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿರುವ ‘ಬಿಸಿ’ ನೆನಪಾಯಿತು. ಕಾಫಿಯ ಬಿಸಿ ಅಲ್ಲ, ಇಂಗ್ಲಿಷಿನ ಬಿ ಮತ್ತು ಸಿ. 1975ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಲೊರಿಂಡಾ ಚೆರ್ರಿ ಮತ್ತು ರಾಬರ್ಟ್ ಮಾರಿಸ್ ಮೊದಲು ಮಾಡಿದ ಲೆಕ್ಕದ ಪ್ರೋಗ್ರಾಂ. ದುಡ್ಡು ಕೊಡಬೇಕಿಲ್ಲ. ಬಟನ್ನು, ಬಣ್ಣ ಏನೂ ಇಲ್ಲ, ಸುಮ್ನೆ ಕಪ್ಪು ಪರದೆ. ಅದೇ 23ನೇ ಘಾತ ಬರೆದು ಎಂಟರ್ ಒತ್ತಿದ ಕ್ಷಣವೇ ಮೂರು ಸಾಲು ತುಂಬ ಅಂಕಿ ಬಂತು. ಹುಡುಗ ಬೆರಳಿಟ್ಟು ಎಣಿಸಿದ. ಸರಿಯಾಗಿ 201.

ನನಗೆ ಖುಷಿಯಾದದ್ದು ಆಮೇಲೆ. 546372891ರಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಇವೆ, ನೋಡಿದಿರಾ? ಕೂಡಿದರೆ 45. ಅಂದರೆ ಸಂಖ್ಯೆ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಅದನ್ನೇ 23 ಸಲ ಗುಣಿಸಿದ ಮೇಲೆ ಆ ದೊಡ್ಡ ಸಂಖ್ಯೆ 9ರ 23ನೇ ಘಾತದಿಂದಲೂ ಭಾಗವಾಗಲೇಬೇಕು. ಶೇಷ ಕೇಳಿದೆವು. ಸೊನ್ನೆ!

1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಶಕುಂತಲಾ ದೇವಿ 28 ಸೆಕೆಂಡಿನಲ್ಲಿ ಮಾಡಿದ ಗುಣಾಕಾರವನ್ನೂ ಹಾಕಿದೆವು: 7686369774870 ಗುಣಿಸು 2465099745779. ಬಂದದ್ದು 18947668177995426462773730. ಈ ಸಲ ಹುಡುಗನಿಗೆ ಪೆನ್ಸಿಲ್ ಕೊಟ್ಟೆ. ಎರಡನೇ ಸಂಖ್ಯೆಯ ಅಂಕಿಗಳನ್ನು ಬಲದಿಂದ ಒಂದು ಬಿಟ್ಟು ಒಂದು ಕೂಡಿ, ಉಳಿದವನ್ನು ಕಳೆದ. ಸೊನ್ನೆ ಬಂತು, ಅಂದರೆ ಅದು 11ರಿಂದ ಭಾಗವಾಗುತ್ತದೆ. ಹಾಗಾದರೆ 26 ಅಂಕಿಯ ಗುಣಲಬ್ಧವೂ ಆಗಬೇಕು, ಅಲ್ವಾ? ಅದರ ಮೇಲೂ ಅದೇ ಕೂಡು-ಕಳೆ ಮಾಡಿದ, ಮತ್ತೆ ಸೊನ್ನೆ. ನನ್ನ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇಂಥ ಸಂಖ್ಯೆಯ ಬಾಲ ಕತ್ತರಿಸಿ ಮೊದಲ ಹತ್ತು ಅಂಕಿ ಮಾತ್ರ ತೋರಿಸುತ್ತದೆ. ಬಾಲವೇ ಇಲ್ಲದಿದ್ದರೆ ಈ ಪರೀಕ್ಷೆ ಮಾಡುವುದು ಹೇಗೆ?

ತಕರಾರೂ ಇದೆ. ಸಂಖ್ಯೆಯ ನಡುವೆ ಅಲ್ಪವಿರಾಮ ಹಾಕಿದರೆ ಬಿಸಿ ಒಪ್ಪುವುದಿಲ್ಲ. 10ನ್ನು 3ರಿಂದ ಭಾಗಿಸಿದರೆ ಬರೀ 3 ಅನ್ನುತ್ತದೆ. ದಶಮಾಂಶ ಬೇಕೆಂದು, ಬಿಸಿ ತೆರೆಯುವಾಗ ಅದರ ಹೆಸರಿನ ಮುಂದೆ ‘-ಎಲ್’ (-l) ಸೇರಿಸಿ ತೆರೆದೆ. ಆಮೇಲೆ 100ನ್ನು 7ರಿಂದ ಭಾಗಿಸಿದ ಶೇಷ ಕೇಳಿದರೆ 2 ಬರಲಿಲ್ಲ, .00000000000000000004 ಬಂತು! ಇಪ್ಪತ್ತು ದಶಮಾಂಶದವರೆಗೆ ಭಾಗಿಸಿ, ಆಮೇಲೆ ಉಳಿದ ಚೂರನ್ನು ಅದು ಶೇಷ ಅನ್ನುತ್ತದೆ. ಪೂರ್ಣಸಂಖ್ಯೆಗಳ ಕೆಲಸಕ್ಕೆ ‘-ಎಲ್’ ಹಾಕಲೇಬೇಡಿ.

ಐದಕ್ಕೆ ನಾಲ್ಕು ಸ್ಟಾರ್. ಹುಡುಗ ನಿನ್ನೆ ಅವರಪ್ಪನ ಮೊಬೈಲ್ ನಂಬರಿನ 23ನೇ ಘಾತ ತೆಗೆದ. ನಾಲ್ಕು ಸಾಲು ಬಂತು.