ಕೈಜೆನ್ ಅಥವಾ ಸಿಕ್ಸ್ ಸಿಗ್ಮಾ: ಸಣ್ಣ ಕಾರ್ಖಾನೆಗೆ ಯಾವುದು?

ನಲವತ್ತು ಜನ ದುಡಿಯುವ ಬಿಡಿಭಾಗ ತಯಾರಿಕಾ ಘಟಕಕ್ಕೆ ಕೈಜೆನ್ (ದಿನನಿತ್ಯ ಸಣ್ಣ ಸಣ್ಣ ಸುಧಾರಣೆ ಮಾಡುತ್ತಾ ಹೋಗುವ ವಿಧಾನ) ಮತ್ತು ಸಿಕ್ಸ್ ಸಿಗ್ಮಾ (ಅಳತೆ, ಅಂಕಿಅಂಶಗಳ ವಿಶ್ಲೇಷಣೆಯಿಂದ ದೋಷ ತಗ್ಗಿಸುವ ವಿಧಾನ) ಈ ಎರಡರಲ್ಲಿ ಯಾವುದನ್ನು ಆರಿಸಬೇಕೆಂದು ಕೇಳಿದ್ದೀರಿ. ಖರ್ಚಿನ ಮಾತು ಬೇಗ ಮುಗಿಯುತ್ತದೆ: ಟೊಯೋಟಾದಲ್ಲಿ ಬೆಳೆದ ಕೈಜೆನ್‌ಗೆ ಒಂದು ಫಲಕ, ದಿನಕ್ಕೊಂದು ಚಿಕ್ಕ ಸಭೆ ಮತ್ತು ಕೆಲಸಗಾರರ ಸಲಹೆಗೆ ಕಿವಿಗೊಡುವ ಮೇಲ್ವಿಚಾರಕರು ಸಾಕು, 1986ರಲ್ಲಿ ಮೊಟೊರೊಲಾದಲ್ಲಿ ಹುಟ್ಟಿದ ಸಿಕ್ಸ್ ಸಿಗ್ಮಾಕ್ಕೆ ಸಂಖ್ಯಾಶಾಸ್ತ್ರದ ತರಬೇತಿ, ನಂಬಬಹುದಾದ ಅಳತೆಯ ಉಪಕರಣ ಮತ್ತು ತಿಂಗಳುಗಟ್ಟಲೆ ಸಮಯ ಬೇಕು.

ನಿರ್ಣಾಯಕವಾದದ್ದು ಸಮಸ್ಯೆಯ ಸ್ವರೂಪ. ಉಪಕರಣ ಹುಡುಕುವುದರಲ್ಲಿ ಹೊತ್ತು ಹಾಳಾಗುತ್ತಿದ್ದರೆ, ಅಚ್ಚು ಬದಲಿಸಲು ತಡವಾಗುತ್ತಿದ್ದರೆ, ಕಾರಣ ಕಣ್ಣೆದುರಿಗೇ ಇರುತ್ತದೆ. ಅಲ್ಲಿ ಕೈಜೆನ್ ಸೂಕ್ತ. ಆದರೆ ಅದೇ ಯಂತ್ರ, ಅದೇ ಕೆಲಸಗಾರ ಇದ್ದೂ ಕೊರೆದ ರಂಧ್ರದ ವ್ಯಾಸ ಏಕೆ ಏರುಪೇರಾಗುತ್ತಿದೆ ಎಂಬುದು ಯಾರಿಗೂ ತಿಳಿಯದಿದ್ದರೆ, ಊಹೆಯನ್ನು ಬಿಟ್ಟು ದತ್ತಾಂಶವನ್ನು ವಿಶ್ಲೇಷಿಸುವ ಸಿಕ್ಸ್ ಸಿಗ್ಮಾವೇ ದಾರಿ. ದೋಷವಾಗಬಹುದಾದ ಹತ್ತು ಲಕ್ಷ ಅವಕಾಶಗಳಿಗೆ 3.4 ದೋಷ ಎಂಬ ಅದರ ಪ್ರಸಿದ್ಧ ಗುರಿಗೆ, ತಿಂಗಳಿಗೆ ಕೆಲವೇ ನೂರು ಬಿಡಿಭಾಗ ಮಾಡುವವರ ಮಟ್ಟಿಗೆ ಹೆಚ್ಚಿನ ಅರ್ಥವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೈಜೆನ್‌ನ ಬಾಳಿಕೆ ಮಾಲೀಕರ ಆಸಕ್ತಿಯನ್ನೇ ಅವಲಂಬಿಸಿದೆ. ಕೊಟ್ಟ ಸಲಹೆಗೆ ಬೇಗ ಉತ್ತರ ಬಾರದಿದ್ದರೆ ಕೆಲಸಗಾರರು ಸಲಹೆ ಕೊಡುವುದನ್ನೇ ನಿಲ್ಲಿಸುತ್ತಾರೆ. ಸಿಕ್ಸ್ ಸಿಗ್ಮಾದಲ್ಲಿ ತರಬೇತಾದವರು ಕೆಲಸ ಬಿಟ್ಟರೆ ಕಲಿಕೆಯೂ ಅವರೊಂದಿಗೇ ಹೋಗುತ್ತದೆ. ಆದ್ದರಿಂದ ಗ್ರಾಹಕ ಕಂಪನಿಯು ಪ್ರಕ್ರಿಯೆಯ ಸಾಮರ್ಥ್ಯದ (ಬಿಡಿಭಾಗಗಳು ನಿಗದಿತ ಅಳತೆಯೊಳಗೆ ಎಷ್ಟು ಸ್ಥಿರವಾಗಿ ಬರುತ್ತವೆ ಎಂಬುದರ) ಅಂಕಿಅಂಶ ಕೇಳುತ್ತಿದ್ದರೆ, ಒಬ್ಬರ ಬದಲು ಇಬ್ಬರನ್ನು ಆ ತರಬೇತಿಗೆ ಕಳುಹಿಸುವುದು ಕ್ಷೇಮ.