ಸ್ಟಾರ್ ಹೆಸರಿನ 'ವಿಶೇಷ ಆವೃತ್ತಿ' ಫೋನ್ ತಗೊಳ್ಳುವ ಮೊದಲು ಇದನ್ನು ಓದಿ

ನಟನ ಸಹಿ ಇರುವ, ಸೀಮಿತ ಸಂಖ್ಯೆಯಲ್ಲಿ ಸಿಗುತ್ತದೆ ಎಂದು ಹೇಳುವ ಫೋನ್ ಮೇಲೆ ಕಣ್ಣು ಬಿದ್ದಿದ್ದರೆ ಸ್ವಲ್ಪ ತಡೆಯಿರಿ. ಅಂಥದ್ದೊಂದು ನನ್ನ ಹತ್ತಿರ ಇದೆ. ಕಂಪನಿಯ ಹೆಸರು, ನಟನ ಹೆಸರು ಇಲ್ಲಿ ಬರೆಯುತ್ತಿಲ್ಲ. ಯಾರ ಹೆಸರಿನ ಫೋನ್ ಆದರೂ ನೋಡಬೇಕಾದ ವಿಷಯ ಒಂದೇ.

ಬಾಕ್ಸ್ ಚೆನ್ನಾಗಿತ್ತು. ಹಿಂಬದಿಯಲ್ಲಿ ಸಹಿ, ಆನ್ ಮಾಡಿದರೆ ಅವರದೇ ವಾಲ್‌ಪೇಪರ್, ಅವರದೇ ರಿಂಗ್‌ಟೋನ್. ಕೆಲವು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತುಹೋಯಿತು. ಸರ್ವಿಸ್ ಸೆಂಟರ್‌ನವರನ್ನು ಕೇಳಿದರೆ, "ಈ ಮಾಡೆಲ್‌ಗೆ ಅಪ್‌ಡೇಟ್ ಅವಧಿ ಮುಗಿದಿದೆ ಸರ್, ಇನ್ನು ಬರೋದಿಲ್ಲ" ಅಂದರು. ವಾರಂಟಿ ಕೂಡ ಮುಗಿಯದ ಫೋನ್‌ಗೆ ಇಂಥ ಉತ್ತರ!

ಮಾಡೆಲ್ ನಂಬರ್ ಹಿಡಿದು ಹುಡುಕಿದಾಗ ವಿಷಯ ಬಯಲಾಯಿತು. ಇದು ಹೊಸ ಫೋನೇ ಅಲ್ಲ. ಅದೇ ಕಂಪನಿ ಹಿಂದೆ ಬೇರೆ ಹೆಸರಿನಲ್ಲಿ ಮಾರಿದ್ದ ಫೋನ್. ಪ್ರೊಸೆಸರ್ ಅದೇ, ಬ್ಯಾಟರಿ ಅದೇ, ಕ್ಯಾಮೆರಾ ಅದೇ. ಬದಲಾಗಿದ್ದು ಬಣ್ಣ, ಬಾಕ್ಸ್ ಮತ್ತು ಬೆಲೆ. ಬೆಲೆ ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು. ಜಾಹೀರಾತಿನಲ್ಲಿ ನಟನ ನಡಿಗೆ, ನಗು, ಡೈಲಾಗ್ ಎಲ್ಲ ಇತ್ತು. ಫೋನ್‌ನ ವಯಸ್ಸು ಮಾತ್ರ ಎಲ್ಲೂ ಇರಲಿಲ್ಲ.

ಅಪ್‌ಡೇಟ್ ಲೆಕ್ಕ ಶುರುವಾಗುವುದು ನಾವು ಕೊಂಡ ದಿನದಿಂದಲ್ಲ, ಸಾಮಾನ್ಯವಾಗಿ ಆ ಮಾಡೆಲ್ ಮೊದಲು ಮಾರುಕಟ್ಟೆಗೆ ಬಂದ ದಿನದಿಂದ. 2023ರಲ್ಲಿ ಬಂದ ಗೂಗಲ್ ಪಿಕ್ಸೆಲ್ 8ಕ್ಕೆ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿತು. ಆ 7 ವರ್ಷ ಮೊದಲ ಮಾರಾಟದಿಂದ ಎಣಿಸುವಂಥದ್ದು. ಅದನ್ನೇ ಎರಡು ವರ್ಷ ಬಿಟ್ಟು ಕೊಂಡವರಿಗೆ ಉಳಿಯುವುದು 5 ವರ್ಷ. ಇಷ್ಟು ದೊಡ್ಡ ಅವಧಿ ಇದ್ದಾಗ ತೊಂದರೆ ಜಾಸ್ತಿ ಗೊತ್ತಾಗುವುದಿಲ್ಲ. ಎರಡು ಮೂರು ವರ್ಷವಷ್ಟೇ ಅಪ್‌ಡೇಟ್ ಸಿಗುವ ಅಗ್ಗದ ಫೋನ್‌ಗಳಲ್ಲಿ ಹಳೆಯ ಮಾಡೆಲ್‌ಗೆ ಹೊಸ ಮುಖ ಅಂಟಿಸಿದರೆ ನಮಗೆ ಉಳಿಯುವುದು ಏನು? ಆಂಡ್ರಾಯ್ಡ್‌ನಲ್ಲಿ ಹೊಸ ಹೊಸ ಭದ್ರತಾ ದೋಷಗಳು ಸಿಗುತ್ತಲೇ ಇರುತ್ತವೆ. ಅದಕ್ಕೇ ಗೂಗಲ್ 2015ರಿಂದ ಅವುಗಳ ಪಟ್ಟಿಯನ್ನು ತಿಂಗಳು ತಿಂಗಳು ಪ್ರಕಟಿಸುತ್ತಾ ಬಂದಿದೆ. ಅಪ್‌ಡೇಟ್ ನಿಂತ ಫೋನ್‌ನಲ್ಲಿ ಆ ದೋಷಗಳು ಹಾಗೇ ಉಳಿಯುತ್ತವೆ. ನಮ್ಮ ಬ್ಯಾಂಕ್ ಆಪ್ ಇರುವುದೂ ಅದೇ ಫೋನ್‌ನಲ್ಲಿ ಅಲ್ವಾ? ಮಾತ್ರೆಯ ಮೇಲೆ ಅವಧಿ ಮುಗಿಯುವ ತಾರೀಖು ಅಚ್ಚು ಹಾಕಿರುತ್ತಾರೆ. ಫೋನ್ ಬಾಕ್ಸ್ ಮೇಲೂ ಹಾಕಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

"ಅಷ್ಟು ದೊಡ್ಡವರು ಹೇಳಿದ್ದಾರೆ, ಬಳಸದೇ ಹೇಳ್ತಾರಾ?" ಎಂದು ಕೇಳುವವರಿಗೆ ಅಮೆರಿಕದ ಒಂದು ಪ್ರಕರಣ ಹೇಳಬೇಕು. 2019 ಮತ್ತು 2020ರಲ್ಲಿ ಪಿಕ್ಸೆಲ್ 4 ಫೋನ್‌ಗಾಗಿ ರೇಡಿಯೊ ನಿರೂಪಕರು ಜಾಹೀರಾತು ಓದಿದರು. ತಾವೇ ಆ ಫೋನ್ ಬಳಸಿ, ತಾವೇ ಫೋಟೊ ತೆಗೆದಂತೆ ಮಾತನಾಡಿದರು. ಆದರೆ ಹೆಚ್ಚಿನ ಜಾಹೀರಾತುಗಳನ್ನು ರೆಕಾರ್ಡ್ ಮಾಡುವಾಗ ಆ ಫೋನ್ ಅವರ ಕೈಗೆ ಬಂದಿರಲೇ ಇಲ್ಲ ಎಂದು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ದೂರಿತು. ಹೀಗೆ ಪ್ರಸಾರವಾದ ಜಾಹೀರಾತುಗಳು ಸುಮಾರು 29,000. 2022ರಲ್ಲಿ ಗೂಗಲ್ ಮತ್ತು ರೇಡಿಯೊ ಕಂಪನಿ ಐಹಾರ್ಟ್‌ಮೀಡಿಯಾ ಸೇರಿ 94 ಲಕ್ಷ ಡಾಲರ್ ಕಟ್ಟಲು ಒಪ್ಪಿ ಪ್ರಕರಣ ಮುಗಿಸಿಕೊಂಡವು. ಕೇಳುಗರು ನಂಬಿದ್ದು ದಿನಾ ಕೇಳುವ ದನಿಯನ್ನು. ನನಗೆ ತುಂಬಾ ಬೇಸರ ತರಿಸುವುದು ಇದೇ.

ಗಾಯಕಿ ಅಲಿಸಿಯಾ ಕೀಸ್ ಅವರದ್ದೂ ನೆನಪಿರಬಹುದು. 2013ರ ಜನವರಿಯಲ್ಲಿ ಫೋನ್ ಕಂಪನಿ ಬ್ಲ್ಯಾಕ್‌ಬೆರಿ ಅವರನ್ನು ಕ್ರಿಯೇಟಿವ್ ಡೈರೆಕ್ಟರ್ ಮಾಡಿತು. ಮರುತಿಂಗಳೇ ಅವರ ಖಾತೆಯಿಂದ ಬಂದ ಒಂದು ಟ್ವೀಟ್ ಕೆಳಗೆ, ಅದನ್ನು ಕಳುಹಿಸಿದ್ದು ಐಫೋನ್‌ನಿಂದ ಎಂದು ಕಾಣಿಸಿತು. ಖಾತೆ ಹ್ಯಾಕ್ ಆಗಿತ್ತು ಎಂದು ಅವರು ಹೇಳಿದರು. ಒಂದು ವರ್ಷದಲ್ಲಿ ಆ ಸಂಬಂಧವೂ ಮುಗಿಯಿತು.

ಇನ್ನು ಕ್ಯಾಮೆರಾ. ಜಾಹೀರಾತಿನ ವಿಡಿಯೊ ಆ ಫೋನ್‌ನಲ್ಲೇ ತೆಗೆದದ್ದು ಎಂದುಕೊಳ್ಳಬೇಡಿ. 2012ರಲ್ಲಿ ಲೂಮಿಯಾ 920ರ ವಿಡಿಯೊಗಾಗಿ ನೋಕಿಯಾ ಕ್ಷಮೆ ಕೇಳಬೇಕಾಯಿತು. ಕಿಟಕಿಯ ಗಾಜಿನ ಪ್ರತಿಬಿಂಬದಲ್ಲಿ ಬೇರೆ ಕ್ಯಾಮೆರಾ ಹಿಡಿದವರು ಕಾಣಿಸಿಕೊಂಡಿದ್ದರು.

ಹಾಗಾಗಿ ದಯವಿಟ್ಟು ಜಾಹೀರಾತಿನ ಹೆಸರು ಬಿಟ್ಟು ಪೂರ್ತಿ ಮಾಡೆಲ್ ನಂಬರ್ ಹುಡುಕಿ. ಪ್ರೊಸೆಸರ್ ಹೆಸರು ಹಾಕಿ, ಅದು ಯಾವ ವರ್ಷದ್ದು ನೋಡಿ. ಅದೇ ಪ್ರೊಸೆಸರ್, ಅದೇ ಬ್ಯಾಟರಿ, ಅದೇ ಅಳತೆಯ ಹಳೆಯ ಫೋನ್ ಆ ಕಂಪನಿಯಲ್ಲೇ ಇದ್ದರೆ ಅನುಮಾನ ಪಡಿ. ಅಪ್‌ಡೇಟ್ ಯಾವ ತಿಂಗಳವರೆಗೆ ಎಂದು ಕಂಪನಿಗೆ ಇಮೇಲ್ ಮಾಡಿ, ಉತ್ತರ ಬರಹದಲ್ಲೇ ಪಡೆಯಿರಿ. ಬಾಯಿಮಾತಿನ "ಬರುತ್ತೆ ಸರ್" ನಂಬಬೇಡಿ.

ಈಗಾಗಲೇ ಕೊಂಡಿದ್ದರೆ, ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ ಸೆಟ್ಟಿಂಗ್ಸ್‌ಗೆ ಹೋಗಿ ಸೆಕ್ಯುರಿಟಿ ಪ್ಯಾಚ್ ತಾರೀಖು, ಅಂದರೆ ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಯಾವಾಗಿನದು ಎಂದು ನೋಡಿ. ಬಂದಿರುವ ಅಪ್‌ಡೇಟ್ ಎಲ್ಲ ಹಾಕಿದ ಮೇಲೂ ಅದು ತುಂಬಾ ಹಿಂದಿನದಾಗಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಫೋನ್ ವಾಪಸ್ ಕೊಡಿ.