ಡೌಸ್ 2011 ವಿಂಟೇಜ್ ಪೋರ್ಟ್: ಸಿಹಿಗಿಂತ ಒಗರಿನ ಗತ್ತು

ವೈನ್ ಸ್ಪೆಕ್ಟೇಟರ್ ಪತ್ರಿಕೆ 2014ರಲ್ಲಿ ವರ್ಷದ ವೈನ್ ಎಂದು ಆರಿಸಿದ್ದು 2011ರ ಒಂದೇ ಫಸಲಿನಿಂದ ಮಾಡಿದ ಈ ಪೋರ್ಟನ್ನೇ. ಪೋರ್ಟ್, ಅಂದರೆ ಸ್ಪಿರಿಟ್ ಬೆರೆಸಿದ ಪೋರ್ಚುಗಲ್‌ನ ಸಿಹಿ ವೈನ್, ಬರೀ ಪಾನಕದ ಸಿಹಿ ಎಂದುಕೊಂಡವರು ಮೊದಲು ರುಚಿ ನೋಡಬೇಕಾದ್ದೂ ಇದೇ. ಪೋರ್ಟ್ ತಯಾರಕರಾದ ಡೌಸ್‌ನವರದು ಮೊದಲಿನಿಂದಲೂ ಸಿಹಿ ತುಸು ಕಡಿಮೆ, ಒಗರು ಗಟ್ಟಿ.

ಆ ಒಗರಿನ ಮೂಲ ಪೋರ್ಚುಗಲ್‌ನ ಡೋರು ಕಣಿವೆಯ ದ್ರಾಕ್ಷಿ ತುಳಿತದಲ್ಲಿದೆ. ರಸ ಹುದುಗು ಬರಲು ಸಿಗುವುದು ಎರಡು ಮೂರು ದಿನ ಮಾತ್ರ. ಸಿಪ್ಪೆಯ ಬಣ್ಣ, ಒಗರು ಎಲ್ಲ ಅಷ್ಟರೊಳಗೆ ಇಳಿಯಬೇಕು. ಸುಮಾರು ಅರ್ಧ ಸಕ್ಕರೆ ಉಳಿದಿರುವಾಗಲೇ ಶೇ. 77 ಮದ್ಯಾಂಶದ ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ. ಲೆಕ್ಕ ಸ್ಥೂಲವಾಗಿ 435 ಲೀಟರ್ ರಸಕ್ಕೆ 115 ಲೀಟರ್. ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ, ಮದ್ಯಾಂಶ ಶೇ. 20ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಸುಮಾರು ಎರಡು ವರ್ಷ ಮಾಗಿಸಿ, ಸೋಸದೆ ಬಾಟಲಿಗೆ ತುಂಬುವುದರಿಂದ ತಳದಲ್ಲಿ ಗಸಿ ಕಟ್ಟುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ಮಲಗಿಸಿಟ್ಟ ಬಾಟಲಿಯನ್ನು ಎತ್ತಿ ನೇರ ಲೋಟಕ್ಕೆ ಬಗ್ಗಿಸಿದರೆ ಬಾಯಿತುಂಬ ಮಣ್ಣು ಮಣ್ಣು. ಒಂದು ದಿನ ನೆಟ್ಟಗೆ ನಿಲ್ಲಿಸಿ, ಕುತ್ತಿಗೆಯ ಹಿಂದೆ ದೀಪ ಹಿಡಿದು, ಒಂದೇ ಧಾರೆಯಲ್ಲಿ ನಿಧಾನ ಬಸಿಯಿರಿ. ಗಸಿ ಕಂಡ ಕೂಡಲೇ ನಿಲ್ಲಿಸಿ. ಬೆಂಡು (ಕಾರ್ಕ್) ಪುಡಿಯಾದರೆ ತೆಳು ಬಟ್ಟೆಯಲ್ಲಿ ಸೋಸಿದರೆ ಸಾಕು. 16–18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುಡಿಯಿರಿ, ತೆರೆದ ಮೇಲೆ ಎರಡು ಮೂರು ದಿನದೊಳಗೆ ಮುಗಿಸಿ. ತಾಳ್ಮೆಯಿದ್ದರೆ ಇನ್ನೂ ಹತ್ತು ವರ್ಷ ಮುಟ್ಟದಿರುವುದೇ ಲೇಸು.